ಕುದುರೆ ಬಂದ ಮೇಲೆ ಸಂಬಳವೂ ಬಂತು

ಮೂರು ಕುದುರೆಗಳು ಸಾಲಾಗಿ ನಾಗಾಲೋಟದಲ್ಲಿವೆ. ಹಿಂದೆ ಫಳಫಳ ಹೊಳೆಯುವ ದೊಡ್ಡ ಹಂಡೆಯಂಥ ಯಂತ್ರ, ಅದರ ಚಿಮಣಿಯಿಂದ ಹೊಗೆ ಮತ್ತು ಕಿಡಿ. ಲಗಾಮು ಹಿಡಿದವನು ಮುಂದಕ್ಕೆ ಬಾಗಿ ಕುಳಿತಿದ್ದಾನೆ. ರಸ್ತೆಯ ಎರಡೂ ಬದಿ ಜನ ಬಾಯಿ ತೆರೆದು ನಿಂತಿದ್ದಾರೆ. ನೂರು, ನೂರಿಪ್ಪತ್ತು ವರ್ಷಗಳ ಹಿಂದಿನ ನ್ಯೂಯಾರ್ಕಿನ ಇಂಥ ಕಪ್ಪು-ಬಿಳುಪು ಫೋಟೊಗಳನ್ನು ನೀವೂ ಎಲ್ಲೋ ನೋಡಿರುತ್ತೀರಿ. ನೋಡಿದವರೆಲ್ಲ ಕುದುರೆಯ ಓಟವನ್ನು, ಸಾರಥಿಯ ಎದೆಗಾರಿಕೆಯನ್ನು ಹೊಗಳುತ್ತಾರೆ. ನನಗೆ ಮಾತ್ರ ಆ ಚಿತ್ರದಲ್ಲಿ ಕಾಣದ ಒಂದು ಸಂಗತಿ ಹೆಚ್ಚು ಮುಖ್ಯ ಅನ್ನಿಸುತ್ತದೆ. ಆ ಸಾರಥಿಗೆ ತಿಂಗಳು ತಿಂಗಳು ಸಂಬಳ ಬರುತ್ತಿತ್ತು. ಅವನ ಅಪ್ಪನ ಕಾಲದಲ್ಲಿ ಇದೇ ಕೆಲಸಕ್ಕೆ ಸಂಬಳ ಇರಲಿಲ್ಲ, ಕುದುರೆಯೂ ಇರಲಿಲ್ಲ.

1865ರವರೆಗೆ ನ್ಯೂಯಾರ್ಕಿನಲ್ಲಿ ಬೆಂಕಿ ಆರಿಸುತ್ತಿದ್ದವರು ಸ್ವಯಂಸೇವಕರು. ಬಡಗಿ, ಕಟುಕ, ಗುಮಾಸ್ತ, ಅಂಗಡಿಯವ, ಯಾರೇ ಆಗಲಿ ಗಂಟೆ ಹೊಡೆದ ಕೂಡಲೇ ಕೈಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಿದ್ದರು. ಯಂತ್ರವನ್ನು ಹಗ್ಗ ಹಿಡಿದು ಎಳೆಯುತ್ತಿದ್ದವರೂ ಅವರೇ, ನಮ್ಮೂರಲ್ಲಿ ತೇರು ಎಳೆದ ಹಾಗೆ. ಸ್ಥಳ ಮುಟ್ಟಿದ ಮೇಲೆ ಯಂತ್ರದ ಎರಡೂ ಬದಿಯ ಉದ್ದನೆಯ ಹಿಡಿಗಳಿಗೆ ಸಾಲಾಗಿ ನಿಂತು ಏರಿಸಿ ಇಳಿಸಿ ಪಂಪು ಮಾಡಬೇಕು. ಕೆಲವೇ ನಿಮಿಷಗಳಲ್ಲಿ ತೋಳು ಸೋಲುತ್ತದೆ. ಆಗ ಇನ್ನೊಂದು ತಂಡ ಹಿಡಿಗೆ ಕೈಹಾಕಬೇಕು. ಇಷ್ಟು ಮಾಡಿದ್ದಕ್ಕೆ ಕೂಲಿ ಇಲ್ಲ. ಸೇನಾ ಕವಾಯತು ಮತ್ತು ನ್ಯಾಯಾಲಯದ ಜ್ಯೂರಿ ಕರ್ತವ್ಯದಿಂದ ವಿನಾಯಿತಿ, ಕೆಂಪು ಅಂಗಿ, ಮೆರವಣಿಗೆಯಲ್ಲಿ ಮುಂದಿನ ಸಾಲು, ಹುಡುಗಿಯರ ಮೆಚ್ಚುಗೆ. ಒಟ್ಟಿನಲ್ಲಿ ಗೌರವ.

ಗೌರವವೇ ಕೂಲಿಯಾದಾಗ ಏನಾಗುತ್ತದೆ ಎಂಬುದಕ್ಕೆ ಆ ಊರೇ ಸಾಕ್ಷಿ. ಯಾವ ತಂಡ ಮೊದಲು ನೀರು ಹಾಯಿಸಿತು ಎಂಬುದೇ ಪ್ರತಿಷ್ಠೆಯ ಪ್ರಶ್ನೆಯಾಯಿತು. ಬೆಂಕಿ ಆರಿಸಲೆಂದೇ ರಸ್ತೆ ಬದಿಯಲ್ಲಿಟ್ಟ ನೀರಿನ ಕೊಳಾಯಿ, ಅಂದರೆ ಹೈಡ್ರಂಟ್, ಯಾರದ್ದು ಎಂದು ತಂಡ ತಂಡಗಳ ನಡುವೆ ಬೀದಿ ಜಗಳ ನಡೆಯುತ್ತಿತ್ತು. ಮುಂದಾಗಿ ಒಬ್ಬನನ್ನು ಓಡಿಸಿ, ಎದುರಾಳಿಗೆ ಕಾಣದಂತೆ ಹೈಡ್ರಂಟ್ ಮೇಲೆ ಪೀಪಾಯಿ ಬೋರಲು ಹಾಕಿ ಅದರ ಮೇಲೆ ಕೂರಿಸುವುದೂ ಇತ್ತು. ಇತ್ತ ಇವರ ಬಡಿದಾಟ, ಅತ್ತ ಮನೆ ಉರಿಯುತ್ತಲೇ ಇರುತ್ತಿತ್ತು. ಇಂಥ ತಂಡಗಳು ಚುನಾವಣೆಗೂ ಒದಗುತ್ತಿದ್ದವು. ನ್ಯೂಯಾರ್ಕಿನ ರಾಜಕೀಯ ಭ್ರಷ್ಟಾಚಾರಕ್ಕೆ ಇಂದಿಗೂ ಉದಾಹರಣೆಯಾಗಿ ನಿಲ್ಲುವ ವಿಲಿಯಂ ಟ್ವೀಡ್ ಮೊದಲು ಹೆಸರು ಮಾಡಿದ್ದು ಇಂಥ ಒಂದು ತಂಡದ, ಅಮೆರಿಕಸ್ ಎಂಜಿನ್ ಕಂಪನಿ 6ರ ನಾಯಕನಾಗಿ. ಆ ತಂಡದ ಹುಲಿಯ ಚಿಹ್ನೆಯೇ ಮುಂದೆ ಅವನ ರಾಜಕೀಯ ಕೂಟದ ಗುರುತೂ ಆಯಿತು. ಸಮಾಜಸೇವೆಯಿಂದ ರಾಜಕೀಯಕ್ಕೆ ಬಂದವನು ಎಂದು ನಮ್ಮಲ್ಲಾದರೆ ಫ್ಲೆಕ್ಸ್ ಹಾಕಿಸುತ್ತಿದ್ದರು.

ಆ ಸ್ವಯಂಸೇವಕರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಅವರಲ್ಲಿ ಪ್ರಾಣ ಕೊಟ್ಟವರಿದ್ದರು. ಆದರೆ ಧೈರ್ಯವನ್ನು ನಂಬಿ ಇಡೀ ಊರನ್ನು ಬಿಡುವುದು ಬೇರೆ ಮಾತು. ಅವರು ಕುದುರೆಯನ್ನು ವಿರೋಧಿಸಿದ ರೀತಿ ನೋಡಿ. ಕುದುರೆ ಕಟ್ಟಿ ಎಳೆಸುವುದು ಗಂಡಸರಿಗೆ ಅವಮಾನ ಎನ್ನುವ ಭಾವನೆ ಅವರಲ್ಲಿ ಬಲವಾಗಿತ್ತು. ಹಬೆಯಿಂದ ಪಂಪು ಮಾಡುವ ಯಂತ್ರ ಬಂದಾಗಲೂ ಅದೇ ಸಿಟ್ಟು. ಆ ಸಿಟ್ಟಿನ ಒಳಗೆ ಹೆದರಿಕೆಯೂ ಇತ್ತು. ಹಿಡಿ ಎಳೆಯಲು ಇಪ್ಪತ್ತು ಮೂವತ್ತು ಜನ ಬೇಕಿಲ್ಲ ಎಂದಾದರೆ ಅವರ ಕ್ಲಬ್ಬು, ಅವರ ಮೆರವಣಿಗೆ, ಅವರ ವೋಟಿನ ಬಲ ಎಲ್ಲವೂ ಹೋದಂತೆ.

ಈ ಗಂಟನ್ನು ಮೊದಲು ಬಿಚ್ಚಿದ ದೊಡ್ಡ ಊರು ನ್ಯೂಯಾರ್ಕ್ ಅಲ್ಲ, ಓಹಾಯೊ ನದಿ ದಡದ ಸಿನ್ಸಿನಾಟಿ. ಅಲ್ಲಿನ ಸ್ವಯಂಸೇವಕರ ಹೊಡೆದಾಟ ಮಿತಿಮೀರಿದಾಗ ನಗರಸಭೆ ಹಬೆ ಯಂತ್ರವೊಂದನ್ನು ಕಟ್ಟಿಸಿತು. 1853ರ ಏಪ್ರಿಲ್ 1ರಂದು ಹಬೆ ಯಂತ್ರ, ಕುದುರೆ ಮತ್ತು ಪೂರ್ತಿ ಸಂಬಳದ ಸಿಬ್ಬಂದಿ ಇರುವ ಅಗ್ನಿಶಾಮಕ ಇಲಾಖೆಯನ್ನೇ ಶುರುಮಾಡಿತು. ಮೊದಲ ಮುಖ್ಯಸ್ಥ ಮೈಲ್ಸ್ ಗ್ರೀನ್‌ವುಡ್ ಹೆಸರಿನಲ್ಲಿ ಒಂದು ಮಾತು ಪ್ರಚಲಿತದಲ್ಲಿದೆ. ಈ ಯಂತ್ರ ಕುಡಿಯುವುದಿಲ್ಲ, ಇಟ್ಟಿಗೆ ತೂರುವುದಿಲ್ಲ, ಅದಕ್ಕಿರುವ ಒಂದೇ ಕೊರತೆ ಎಂದರೆ ವೋಟು ಹಾಕಲು ಬಾರದು ಎಂಬ ಅರ್ಥದ್ದು. ಹನ್ನೆರಡು ವರ್ಷಗಳ ನಂತರ ನ್ಯೂಯಾರ್ಕಿನಲ್ಲೂ ಕಾಯ್ದೆ ಬಂತು. ಸ್ವಯಂಸೇವಕ ತಂಡಗಳು ಹೋಗಿ, ವರ್ಷಕ್ಕೆ 700 ಡಾಲರ್ ಸಂಬಳದ ಅಗ್ನಿಶಾಮಕರು ಬಂದರು. ಅವರ ಜೊತೆಗೆ ಲಾಯದಲ್ಲಿ ಕುದುರೆಗಳೂ ನಿಂತವು.

ಸಂಬಳ ಕೊಟ್ಟದ್ದರಿಂದ ಊರಿಗೆ ಸಿಕ್ಕಿದ್ದೇನು? ಧೈರ್ಯವಂತೂ ಅಲ್ಲ, ಅದು ಮೊದಲೇ ಇತ್ತು. ಸಿಕ್ಕಿದ್ದು ಅಭ್ಯಾಸ. ಇದನ್ನು ತಿಳಿಯಲು ಆ ಕಾಲದ ಠಾಣೆಯ ಒಳಗೆ ಒಮ್ಮೆ ಹೋಗಬೇಕು.

ನೆಲಮಹಡಿಯಲ್ಲಿ ಯಂತ್ರ. ಅದರ ಹಿಂದೆ ಅಥವಾ ಪಕ್ಕದಲ್ಲೇ ಕುದುರೆಗಳ ಲಾಯ. ಮೇಲೆ ಜನ ಮಲಗುವ ಕೋಣೆ, ಅದಕ್ಕೂ ಮೇಲೆ ಒಣಹುಲ್ಲಿನ ಅಟ್ಟ. ಯಂತ್ರದ ಬಾಯ್ಲರಿನಲ್ಲಿ ಕಟ್ಟಿಗೆ ಸದಾ ಜೋಡಿಸಿಟ್ಟಿರುತ್ತಿತ್ತು, ಕಡ್ಡಿ ಗೀರುವುದಷ್ಟೇ ಬಾಕಿ. ತಣ್ಣೀರಿನಿಂದ ಹಬೆ ಏಳಿಸಲು ಹೊತ್ತು ಬೇಕಲ್ಲ, ಅದಕ್ಕೆ ಠಾಣೆಯಲ್ಲೇ ಇನ್ನೊಂದು ಒಲೆ ಇಟ್ಟು, ಅದರಿಂದ ಪೈಪು ಜೋಡಿಸಿ ಬಾಯ್ಲರಿನ ನೀರನ್ನು ಹಗಲು ರಾತ್ರಿ ಬಿಸಿಯಾಗಿ ಇಡುತ್ತಿದ್ದರು. ಯಂತ್ರ ಹೊರಗೆ ಹೊರಟರೆ ಆ ಪೈಪು ಕಳಚಿಕೊಳ್ಳುತ್ತಿತ್ತು. ಹೀಗೆ ದಾರಿಯಲ್ಲೇ ಹಬೆ ಏರಿ, ಬೆಂಕಿಯ ಬಳಿ ತಲುಪುವ ಹೊತ್ತಿಗೆ ಪಂಪು ತಯಾರು. ಚಿಮಣಿಯಿಂದ ಕಿಡಿ ಹಾರುತ್ತಿದ್ದದ್ದು ಇದಕ್ಕೇ. ಬೆಂಕಿ ಆರಿಸಲು ಹೊರಟ ಬಂಡಿಯೇ ಬೀದಿಯುದ್ದಕ್ಕೂ ಕಿಡಿ ಉದುರಿಸುತ್ತ ಹೋಗುವುದನ್ನು ಕಂಡು ಆಗಿನ ಹುಡುಗರು ನಕ್ಕಿರಲೇಬೇಕು.

ಕುದುರೆ ಕಟ್ಟುವುದೇ ದೊಡ್ಡ ಕೆಲಸ. ಜಟಕಾದವರು ಪಟ್ಟಿ, ಬಕಲು, ಕಡಿವಾಣ ಎಲ್ಲ ಬಿಗಿಯುವುದನ್ನು ನೋಡಿದವರಿಗೆ ಅದೆಷ್ಟು ಹೊತ್ತು ಹಿಡಿಯುತ್ತದೆ ಎಂದು ಗೊತ್ತು. ಇಲ್ಲಿ ಆ ಹೊತ್ತೇ ಇಲ್ಲ. ಆದ್ದರಿಂದ ಸಜ್ಜನ್ನು ಯಂತ್ರದ ಮುಂದೆ ಸೂರಿನಿಂದಲೇ ನೇತುಹಾಕಿದರು. ಗಂಟೆ ಬಾರಿಸಿದರೆ ಲಾಯದ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಕುದುರೆಗಳು ಯಾರೂ ಕರೆಯದೆ ಓಡಿಬಂದು ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವೆ. ಹಗ್ಗ ಜಗ್ಗಿದರೆ ಸಜ್ಜು ಬೆನ್ನ ಮೇಲೆ ಬೀಳುತ್ತದೆ, ಕೊರಳಪಟ್ಟಿ ಪಟಕ್ಕನೆ ಕೂಡಿಕೊಳ್ಳುತ್ತದೆ. ಇದನ್ನು ದಿನವೂ ಅಭ್ಯಾಸ ಮಾಡುತ್ತಿದ್ದರು, ಬೆಂಕಿ ಬಿದ್ದರೂ ಬೀಳದಿದ್ದರೂ. ಕುದುರೆಗೆ ಎಡ ಯಾವುದು, ಬಲ ಯಾವುದು, ನಡುವೆ ಯಾವುದು ಎಂದು ತಿಳಿದಿತ್ತು. ಮಲಗಿದ್ದವರು ಬೂಟು ಮತ್ತು ಷರಾಯಿಯನ್ನು ಒಂದರೊಳಗೊಂದು ಸೇರಿಸಿ ಹಾಸಿಗೆ ಪಕ್ಕ ಇಟ್ಟುಕೊಂಡಿರುತ್ತಿದ್ದರು. ಎಲ್ಲ ಸೇರಿ ಗಂಟೆ ಬಾರಿಸಿ ಬಂಡಿ ಬೀದಿಗಿಳಿಯುವುದನ್ನು ಸೆಕೆಂಡುಗಳಲ್ಲಿ ಎಣಿಸುತ್ತಿದ್ದರು. ಬಡಗಿ ಅಂಗಡಿಯಿಂದ ಓಡಿಬರುವ ಸ್ವಯಂಸೇವಕ ಎಷ್ಟೇ ಶೂರನಾದರೂ ಇದನ್ನು ಮಾಡಲಾರ. ಏಕೆಂದರೆ ಅವನು ಬಡಗಿಯಾಗಿಯೂ ಬದುಕಬೇಕಿತ್ತು.

ಮೇಲಿನ ಮಹಡಿಯಿಂದ ಜಾರಿ ಇಳಿಯುವ ಕಂಬವೂ ಈ ಕಾಲದ್ದೇ. ಅದರ ಮೂಲ ಗೊತ್ತೇ? ಷಿಕಾಗೊ ನಗರದ ಎಂಜಿನ್ ಕಂಪನಿ 21ರಲ್ಲಿ ಕೆಲಸ ಮಾಡುತ್ತಿದ್ದವರು ಕಪ್ಪು ಜನಾಂಗದ ಅಗ್ನಿಶಾಮಕರು. 1878ರಲ್ಲಿ ಹುಲ್ಲು ಸಾಗಿಸುವಾಗ ಕಟ್ಟಲು ಬಳಸುತ್ತಿದ್ದ ಉದ್ದನೆಯ ಕಂಬವೊಂದು ಅಲ್ಲಿತ್ತು. ಗಂಟೆ ಬಾರಿಸಿದಾಗ ಅಟ್ಟದಲ್ಲಿದ್ದ ಜಾರ್ಜ್ ರೀಡ್ ಎಂಬಾತ ಮೆಟ್ಟಿಲು ಬಿಟ್ಟು ಆ ಕಂಬ ಹಿಡಿದು ಜಾರಿ ಕೆಳಗಿಳಿದ. ಕ್ಯಾಪ್ಟನ್ ಡೇವಿಡ್ ಕೆನ್ಯನ್ ಅದನ್ನು ನೋಡಿ ನೆಲಕ್ಕೆ ರಂಧ್ರ ಕೊರೆಸಿ, ಮರದ ಕಂಬವನ್ನು ನುಣುಪು ಮಾಡಿಸಿ ನಿಲ್ಲಿಸಿದ. ಉಳಿದ ಠಾಣೆಯವರು ಗೇಲಿ ಮಾಡಿದರು. ಆಮೇಲೆ ಈ ಕಂಪನಿ ಎಲ್ಲರಿಗಿಂತ ಮೊದಲು ಬೆಂಕಿಯ ಬಳಿ ತಲುಪತೊಡಗಿದಾಗ ಊರಿನ ಎಲ್ಲ ಠಾಣೆಗಳಿಗೂ ಕಂಬ ಬಂತು. ಎರಡೇ ವರ್ಷದಲ್ಲಿ ಬಾಸ್ಟನ್ನಿನವರು ಹಿತ್ತಾಳೆಯ ಕಂಬ ಹಾಕಿಸಿದರು. ಅಟ್ಟದಲ್ಲಿ ಹುಲ್ಲು ಸರಿಸುತ್ತಿದ್ದವನಿಗೆ ಹೊಳೆದ ಉಪಾಯ ಇದು. ದಿನವಿಡೀ ಅದೇ ಠಾಣೆಯಲ್ಲಿದ್ದು ಅದೇ ಕೆಲಸವನ್ನು ಮಾಡುವವನಿಗಷ್ಟೇ ಹೊಳೆಯುವಂಥದ್ದು.

ಇಲ್ಲಿಗೆ ಕಥೆ ಮುಗಿದು ಎಲ್ಲರೂ ಸುಖವಾಗಿದ್ದರು ಎಂದರೆ ನಾನು ಈ ಲೇಖನ ಬರೆಯಬೇಕಿರಲಿಲ್ಲ. 1872ರಲ್ಲಿ ಬಾಸ್ಟನ್ನಿನಲ್ಲಿ ನಡೆದದ್ದು ಬೇರೆ.

ಆ ವರ್ಷದ ಶರತ್ಕಾಲದಲ್ಲಿ ಕೆನಡಾದ ಟೊರಾಂಟೊ ಕಡೆಯಿಂದ ಕುದುರೆ ಜ್ವರ ಹಬ್ಬಿತು. ಕೆಲವೇ ವಾರಗಳಲ್ಲಿ ಅಮೆರಿಕದ ಪೂರ್ವ ಭಾಗದ ಊರುಗಳಲ್ಲಿ ಕುದುರೆಗಳು ಕೆಮ್ಮುತ್ತ ತಲೆ ತಗ್ಗಿಸಿ ನಿಂತವು. ಟ್ರಾಮು ನಿಂತಿತು, ಸರಕು ಬಂದರಿನಲ್ಲೇ ಉಳಿಯಿತು. ಬಾಸ್ಟನ್ ಅಗ್ನಿಶಾಮಕ ಮುಖ್ಯಸ್ಥ ಜಾನ್ ಡ್ಯಾಮ್ರೆಲ್ ಇದನ್ನು ಮುಂಚೆಯೇ ಲೆಕ್ಕ ಹಾಕಿ, ಯಂತ್ರಗಳನ್ನು ಹಗ್ಗ ಹಿಡಿದು ಎಳೆಯಲು ಹೆಚ್ಚುವರಿ ಜನರನ್ನು ಗೊತ್ತು ಮಾಡಿಟ್ಟಿದ್ದ. ನವೆಂಬರ್ 9, ಶನಿವಾರ ಸಂಜೆ ಸಮ್ಮರ್ ಸ್ಟ್ರೀಟಿನ ಒಂದು ಮಳಿಗೆಯ ನೆಲಮಾಳಿಗೆಯಲ್ಲಿ ಬೆಂಕಿ ಹತ್ತಿತು. ಎಚ್ಚರಿಕೆಯ ತಂತಿ ಪೆಟ್ಟಿಗೆ ಬೀದಿಯಲ್ಲೇ ಇತ್ತು, ಆದರೆ ಅದಕ್ಕೆ ಬೀಗ. ಸುಳ್ಳು ಕರೆ ಬರಬಾರದೆಂದು ಕೀಲಿಕೈಯನ್ನು ಪೊಲೀಸರ ಮತ್ತು ಆಯ್ದ ಕೆಲವರ ಬಳಿ ಇಟ್ಟಿದ್ದರು. 7 ಗಂಟೆ 24 ನಿಮಿಷಕ್ಕೆ 52ನೇ ನಂಬರಿನ ಪೆಟ್ಟಿಗೆಯಿಂದ ಮೊದಲ ಸುದ್ದಿ ಹೋಗುವಾಗ ಬೆಂಕಿ ಲಿಫ್ಟಿನ ಸಂದಿಯಲ್ಲಿ ಹತ್ತಿ ಛಾವಣಿ ಮುಟ್ಟಿತ್ತು. ಮರುದಿನದ ಹೊತ್ತಿಗೆ 65 ಎಕರೆ, 776 ಕಟ್ಟಡಗಳು ಸುಟ್ಟು ಹೋಗಿದ್ದವು. ಸತ್ತವರಲ್ಲಿ ಅಗ್ನಿಶಾಮಕರೂ ಇದ್ದರು.

ಊರು ತಕ್ಷಣ ಹಿಡಿದದ್ದು ಕುದುರೆಯನ್ನು. ಕುದುರೆಗಳಿಗೆ ಕಾಯಿಲೆ ಇರದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂಬ ಮಾತು ಇಂದಿಗೂ ಓಡಾಡುತ್ತದೆ. ತನಿಖೆಯಲ್ಲಿ ತಿಳಿದದ್ದು ಬೇರೆ. ಜನ ಎಳೆದು ತಂದದ್ದರಿಂದ ಯಂತ್ರಗಳು ತಡವಾದದ್ದು ಕೆಲವೇ ನಿಮಿಷ. ನಿಜವಾದ ತೊಂದರೆ ನೆಲದಡಿಯಲ್ಲಿತ್ತು. ಒಂದು ಕಾಲಕ್ಕೆ ಮನೆಗಳಿದ್ದ ಆ ಪ್ರದೇಶದಲ್ಲಿ ನಾಲ್ಕೈದು ಅಂತಸ್ತಿನ ಮಳಿಗೆಗಳು ಎದ್ದಿದ್ದವು, ನೀರಿನ ಪೈಪು ಮಾತ್ರ ಹಳೆಯದೇ, ಸಣ್ಣದೇ. ಮೇಲೆ ಮರದ ಚೌಕಟ್ಟಿನ ಛಾವಣಿ, ಕೆಳಗಿನಿಂದ ಹಾಯಿಸಿದ ನೀರು ಅಲ್ಲಿಗೆ ತಲುಪುತ್ತಿರಲಿಲ್ಲ. ಬೀದಿ ಕಿರಿದು. ಹೈಡ್ರಂಟ್‌ಗಳ ಜೋಡಣೆ ಒಂದರಂತೆ ಇನ್ನೊಂದಿರಲಿಲ್ಲ. ಹಿಂದಿನ ವರ್ಷವೇ ಷಿಕಾಗೊ ಸುಟ್ಟಾಗ ಡ್ಯಾಮ್ರೆಲ್ ಅಲ್ಲಿಗೆ ಹೋಗಿ ನೋಡಿ ಬಂದು, ಪೈಪು ಬದಲಾಯಿಸಿ ಎಂದು ನಗರದ ಆಡಳಿತಕ್ಕೆ ಹೇಳಿದ್ದ. ಯಾರೂ ಹಣ ಕೊಡಲಿಲ್ಲ. ಬೆಂಕಿಯ ಬಳಿಕ ಬೈಗುಳ ತಿಂದು ಕೊನೆಗೆ ಹುದ್ದೆ ಬಿಟ್ಟವನೂ ಅವನೇ. ಇನ್ನೊಂದು ವಿಷಯ. ಬಾಸ್ಟನ್ ಇಲಾಖೆಯಲ್ಲಿ ಆಗ ಕಾಯಂ ಸಿಬ್ಬಂದಿ ಕಡಿಮೆ, ಬೇರೆ ಉದ್ಯೋಗ ಮಾಡಿಕೊಂಡು ಕರೆದಾಗ ಬರುವ, ಅಲ್ಪ ಹಣ ಪಡೆಯುವವರೇ ಹೆಚ್ಚು. ಕಾಯಂ ಹುದ್ದೆಗಳು ಹೆಚ್ಚಾದದ್ದು ಊರು ಸುಟ್ಟ ಮೇಲೆ.

1904ರ ಫೆಬ್ರುವರಿಯಲ್ಲಿ ಬಾಲ್ಟಿಮೋರ್ ಹತ್ತಿ ಉರಿದಾಗ ನೆರೆಯೂರುಗಳಿಂದ ಯಂತ್ರಗಳು ರೈಲಿನಲ್ಲಿ ಬಂದಿಳಿದವು. ವಾಷಿಂಗ್ಟನ್ನಿನಿಂದ ಬಂದವರು ಪೈಪು ಬಿಚ್ಚಿ ಹೈಡ್ರಂಟ್‌ಗೆ ಹಚ್ಚಲು ಹೋದರೆ ಥ್ರೆಡ್ ಕೂಡಲಿಲ್ಲ. ಬಾಸ್ಟನ್ ಬೆಂಕಿಯಾಗಿ ಮೂವತ್ತೊಂದು ವರ್ಷ ಕಳೆದಿತ್ತು. 1,500ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಗೋಲಿಯಾತ್ ಎಂಬ ಕುದುರೆ ಮೈ ಸುಟ್ಟುಕೊಂಡೂ ಬಂಡಿಯನ್ನು ಎಳೆದು ತನ್ನ ಸಿಬ್ಬಂದಿಯನ್ನು ಉಳಿಸಿತೆಂದು ಊರೆಲ್ಲ ಕೊಂಡಾಡಿತು. ಕೊಂಡಾಡಲಿ, ತಪ್ಪೇನಿಲ್ಲ. ಆದರೆ ಒಂದು ಥ್ರೆಡ್ಡಿನ ಅಳತೆ ಸರಿಮಾಡಲು ಕುದುರೆಯ ಶೌರ್ಯ ಬೇಕಿರಲಿಲ್ಲ, ಒಂದು ಆದೇಶ ಮತ್ತು ಸ್ವಲ್ಪ ಹಣ ಸಾಕಿತ್ತು. ನನ್ನ ತಕರಾರು ಇದೇ. ಆಡಳಿತ ನಡೆಸುವವರಿಗೆ ಹೊಗಳಿಕೆ ಬಲು ಅಗ್ಗದ ಬಾಬತ್ತು. ಪೈಪು, ಪಾಳಿ, ಪಗಾರಗಳ ಮಾತು ಬಂದಾಗಲೇ ಖಜಾನೆ ಖಾಲಿ ಇರುವುದು ಅವರಿಗೆ ನೆನಪಾಗುತ್ತದೆ.

ಸಂಬಳ ಪಡೆದ ಅಗ್ನಿಶಾಮಕನ ಬದುಕಾದರೂ ಹೇಗಿತ್ತು? ಠಾಣೆಯೇ ಅವನ ಮನೆ. ಹಗಲು ರಾತ್ರಿ ಅಲ್ಲೇ ಇರಬೇಕು. ದಿನಕ್ಕೆ ಮೂರು ಹೊತ್ತು ಉಂಡು ಬರಲು ಬಿಡುವು, ತಿಂಗಳಲ್ಲಿ ಬೆರಳೆಣಿಕೆಯ ರಜೆ. ಮಕ್ಕಳು ಅಪ್ಪನನ್ನು ಊಟದ ಹೊತ್ತಿನಲ್ಲಷ್ಟೇ ನೋಡುತ್ತಿದ್ದರು. ಎರಡು ಪಾಳಿ ಮಾಡಿ ಎಂಬ ಬೇಡಿಕೆ ಇಟ್ಟರೆ, ವೆಚ್ಚ ಜಾಸ್ತಿಯಾಗುತ್ತದೆ, ಅದೂ ಅಲ್ಲದೆ ಇದು ಸೇವೆ, ಕಾರ್ಖಾನೆ ಕೂಲಿಯಲ್ಲ ಎಂಬ ಧಾಟಿಯ ಉತ್ತರ. 1918ರಲ್ಲಿ ಅಮೆರಿಕ ಮತ್ತು ಕೆನಡಾದ ಅಗ್ನಿಶಾಮಕರು ಸೇರಿ ಒಂದು ಅಂತರರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಎರಡು ಪಾಳಿಯ ಪದ್ಧತಿ ಊರಿಂದೂರಿಗೆ ಹಬ್ಬಿದ್ದು ಹೋರಾಟದಿಂದ. ಅಷ್ಟರಲ್ಲಿ ಕುದುರೆಯ ಕಾಲವೇ ಮುಗಿಯುತ್ತ ಬಂದಿತ್ತು. 1922ರ ಡಿಸೆಂಬರ್ 20ರಂದು ಬ್ರೂಕ್ಲಿನ್‌ನ ಎಂಜಿನ್ ಕಂಪನಿ 205ರ ಕುದುರೆಗಳು ನ್ಯೂಯಾರ್ಕಿನ ಕೊನೆಯ ಓಟ ಓಡಿದವು. ಅದಕ್ಕೂ ಸಮಾರಂಭ ಮಾಡಿದರು, ಜನ ಸೇರಿದರು.

ಅಮೆರಿಕದ ಸಣ್ಣ ಊರುಗಳಲ್ಲಿ ಇಂದಿಗೂ ಸ್ವಯಂಸೇವಕ ಅಗ್ನಿಶಾಮಕರಿದ್ದಾರೆ, ಆ ದೇಶದಲ್ಲಿ ಸಂಬಳದವರಿಗಿಂತ ಅವರ ಸಂಖ್ಯೆಯೇ ಹೆಚ್ಚು ಎಂದು ಯಾರಾದರೂ ನನ್ನ ಮಾತಿಗೆ ಅಡ್ಡ ಹಾಕಬಹುದು. ನಿಜ. ಆದರೆ ಅವರಿಗೆ ತರಬೇತಿ ಇದೆ, ಸಲಕರಣೆ ಇದೆ, ಹೊಟ್ಟೆಪಾಡಿಗೆ ಬೇರೆ ಉದ್ಯೋಗವಿದೆ. ಸಣ್ಣ ಊರಿನಲ್ಲಿ ಬೆಂಕಿ ಬೀಳುವುದೂ ಅಪರೂಪ. ಹತ್ತಾರು ಅಂತಸ್ತಿನ ಕಟ್ಟಡಗಳ ನಗರವನ್ನು ಹಾಗೆ ನಡೆಸಲು ಯಾರೂ ಹೊರಟಿಲ್ಲ.

ನಾವು ಕೆಲಸ ಹುಡುಕುವವರು ಇದನ್ನೆಲ್ಲ ಏಕೆ ತಿಳಿಯಬೇಕು? ನಮ್ಮಲ್ಲಿ 'ಗೌರವಧನ' ಎಂಬ ಚಂದದ ಪದವಿದೆ. ಅಂಗನವಾಡಿ ಕಾರ್ಯಕರ್ತೆಗೆ ಕೊಡುವುದು ಸಂಬಳವಲ್ಲ, ಗೌರವಧನ. ಆಶಾ ಕಾರ್ಯಕರ್ತೆಗೆ ಗೌರವಧನ ಮತ್ತು ಪ್ರೋತ್ಸಾಹಧನ. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೂ ಗೌರವಧನ, ವರ್ಷಗಟ್ಟಲೆ ಪಾಠ ಮಾಡಿದರೂ ಅವರು ಅತಿಥಿಗಳೇ. ಗೃಹರಕ್ಷಕ ದಳದವರು ಸ್ವಯಂಸೇವಕರು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 22ರ ಸಂಜೆ 5 ಗಂಟೆಗೆ ನಾವೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದೆವು, ತಟ್ಟೆ ಬಡಿದೆವು. ಆಮೇಲೆ ಮನೆ ಮನೆ ತಿರುಗಿ ಜ್ವರದವರ ಪಟ್ಟಿ ಮಾಡಿದ ಅದೇ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಿಗದಿತ ಹಣಕ್ಕಾಗಿ ಧರಣಿ ಕೂತದ್ದನ್ನು ಟೀವಿಯಲ್ಲಿ ನೋಡಿದೆವು. ಖಾಸಗಿಯವರ ಭಾಷೆ ಸ್ವಲ್ಪ ಬೇರೆ. ಅಲ್ಲಿ ಗೌರವಧನಕ್ಕೆ 'ಅನುಭವ' ಎನ್ನುತ್ತಾರೆ, 'ಎಕ್ಸ್‌ಪೋಷರ್' ಎನ್ನುತ್ತಾರೆ. ಆರು ತಿಂಗಳು ಬಿಟ್ಟಿ ದುಡಿದು ಸರ್ಟಿಫಿಕೇಟು ಹಿಡಿದು ಬಂದ ಗೆಳೆಯರು ನಿಮ್ಮ ತರಗತಿಯಲ್ಲೂ ಇದ್ದಾರೆ.

ಸೇವಾಮನೋಭಾವ ಬೇಡ ಎಂದಲ್ಲ. ಅದಿಲ್ಲದವನು ಉರಿಯುವ ಮನೆಯೊಳಗೆ ಕಾಲಿಡಲಾರ, ಮಗುವಿಗೆ ಲಸಿಕೆ ಹಾಕಿಸಲು ಬಿಸಿಲಲ್ಲಿ ಗುಡ್ಡ ಹತ್ತಲಾರ. ಆದರೆ ಒಂದು ಕೆಲಸ ಊರಿಗೆ ನಿಜಕ್ಕೂ ಬೇಕು ಎಂದಾದರೆ ಅದನ್ನು ಮಾಡುವವರಿಗೆ ಕಾಯಂ ಹುದ್ದೆ, ತಿಂಗಳ ಸಂಬಳ, ಪಾಳಿ, ರಜೆ, ಸರಿಯಾದ ಸಲಕರಣೆ ಕೊಡಬೇಕು. ಇದನ್ನು ಕೇಳಿದರೆ ಯುವಕರಿಗೆ ದುಡ್ಡಿನದೇ ಚಿಂತೆ ಎನ್ನುವ ಹಿರಿಯರಿದ್ದಾರೆ. ಸಿನ್ಸಿನಾಟಿಯ ಹಿರಿಯರು 1853ರಲ್ಲಿ ಅದೇ ಚಿಂತೆ ಮಾಡಿದ್ದರಿಂದಲೇ ಅವರ ಮಕ್ಕಳ ಮನೆಗಳು ಉಳಿದವು.

ಈಗ ಬೊಕ್ಕಸದಲ್ಲಿ ಹಣವಿಲ್ಲ, ಕಾಲ ಸರಿಯಿಲ್ಲ, ಸ್ವಲ್ಪ ಕಾಯಿರಿ ಎಂಬುದು ಕಡೆಯ ಉತ್ತರ. ನ್ಯೂಯಾರ್ಕಿನಲ್ಲಿ ಸ್ವಯಂಸೇವಕರನ್ನು ಬಿಡಿಸಿ ಸಂಬಳದ ಅಗ್ನಿಶಾಮಕ ಇಲಾಖೆ ಸ್ಥಾಪಿಸುವ ಕಾಯ್ದೆಗೆ ಒಪ್ಪಿಗೆ ಸಿಕ್ಕಿದ್ದು 1865ರ ಮಾರ್ಚ್ 30ರಂದು. ಅಮೆರಿಕದ ಅಂತರ್ಯುದ್ಧ ನಾಲ್ಕು ವರ್ಷ ನಡೆದು ಆಗಿನ್ನೂ ಮುಗಿದಿರಲಿಲ್ಲ. ಜನರಲ್ ಲೀ ಶರಣಾದದ್ದು ಅದಾಗಿ ಹತ್ತು ದಿನಕ್ಕೆ.